ಹೊಂಬಾಳಮ್ಮನ ಕಂತು

ಸಂಘದ ಅಧ್ಯಕ್ಷೆ ಚಿಕ್ಕಬೋರಮ್ಮನವರಿಗೆ,

ಗೆಜ್ಜಲಗೆರೆಯಿಂದ ಕುಸುಮಳ ನಮಸ್ಕಾರ.

ಅತ್ತೆ ಹೊಂಬಾಳಮ್ಮ ತೀರಿಕೊಂಡಾಗ ಉಳಿದಿದ್ದ ಸಂಘದ ಸಾಲವನ್ನು ಈ ವರ್ಷ ನಾನು ಕಟ್ಟಿ ಮುಗಿಸಿದೆ. ಬರುವ ವರ್ಷ ಹೊಸ ಸಾಲ ಬೇಡ, ಮಗಳ ಕಾಲೇಜಿಗೆ ಉಳಿಸಬೇಕು.

ಒಂದು ವಿನಂತಿ. ಸಾಲ ತೀರಿದವರ ಹೆಸರನ್ನು ಸಭೆಯಲ್ಲಿ ಕೂಗುವುದು ನಮ್ಮ ವಾಡಿಕೆ. ಕಟ್ಟಿದವಳು ನಾನೆಂದು ನೀವು ನನ್ನ ಹೆಸರು ಕೂಗಿದಿರಿ. ಅಂದಿನಿಂದ ಕಂತು ಕಟ್ಟುವ ದಿನವಾದ ಪ್ರತಿ ಸೋಮವಾರ ಬೆಳಿಗ್ಗೆ ಅಕ್ಕಿ ಡಬ್ಬದ ಮೇಲೆ ಕಂತಿನ ಹಣ ಇರುತ್ತದೆ. ಮನೆಯಲ್ಲಿ ಯಾರೂ ಇಟ್ಟಿಲ್ಲ. ನೋಟುಗಳು ಅತ್ತೆ ಮಡಿಸುತ್ತಿದ್ದ ಹಾಗೆಯೇ ಇರುತ್ತವೆ, ಎಲೆಯಡಿಕೆ ವಾಸನೆ ಬರುತ್ತದೆ.

“ನನ್ ಸಾಲ ನಾನೇ ತೀರುಸ್ತೀನಿ, ನೀ ಸುಮ್ಕಿರು ಕಣಮ್ಮಿ” ಎಂದು ಅತ್ತೆ ಬದುಕಿದ್ದಾಗ ಹೇಳುತ್ತಿದ್ದರು.

ಮುಂದಿನ ಸಭೆಯಲ್ಲಿ ದಯವಿಟ್ಟು ಅವರ ಹೆಸರು ಕೂಗಿ, ಸಾಲ ತೀರಿತು ಎನ್ನಿ. ಸ್ವಲ್ಪ ಜೋರಾಗಿ ಹೇಳಿ. ಅವರಿಗೆ ಕಿವಿ ಮಂದ.

ನಿಮ್ಮ ಸಂಘದ ಸದಸ್ಯೆ,
ಕುಸುಮ