ಕೆನ್ನೆಯೊಳಗಿನ ಲೇಸು

ಮಾರ್ಚ್ 4
ಹನ್ನೊಂದು ಯೂನಿಫಾರ್ಮ್ ಮುಗಿಯಿತು. ಕಾಲರ್ ಬಾಕಿ. ದಾರ ಕಚ್ಚಿ ತುಂಡು ಮಾಡುವಾಗ ಎಡಗೆನ್ನೆಯೊಳಗೆ ಚುರ್ ಎಂದಿತು. ಕನ್ನಡಿ ಹಿಡಿದು ನೋಡಿದೆ. ಎರಡೂ ಕೆನ್ನೆಯಲ್ಲಿ ಅದೇ ಹಳೆಯ ಬಿಳಿ ಗೆರೆಗಳ ಬಲೆ, ಫ್ರಾಕಿಗೆ ಹಚ್ಚುವ ಲೇಸಿನ ಹಾಗೆ. ಎಡಗಡೆ ಮಾತ್ರ ನಡುವೆ ಒಂದು ಕೆಂಪು ಮಚ್ಚೆ, ಹೊಸದು.

ಲೈಕೆನ್ ಪ್ಲೇನಸ್ ಎಂಬ ಬಾಯಿಚರ್ಮದ ಕಾಯಿಲೆ ಎಂದಿದ್ದರು ಡಾಕ್ಟರ್, ಎರಡು ವರ್ಷದ ಹಿಂದೆ. ಅಂಟುವುದಿಲ್ಲ. ನೂರರಲ್ಲಿ ಒಬ್ಬರಿಗೆ ಕ್ಯಾನ್ಸರ್‌ಗೆ ತಿರುಗಬಹುದು, ಆರು ತಿಂಗಳಿಗೊಮ್ಮೆ ತೋರಿಸಿ. ತೋರಿಸಲಿಲ್ಲ. ಮಗಳು ಕೇಳಿದಾಗಲೆಲ್ಲ "ಹೋಗ್ ಬಂದೆ, ಏನೂ ಇಲ್ವಂತೆ" ಎಂದೆ. ನಾಲ್ಕು ಸಲ. ಭಯ, ಇನ್ನೇನು.

ಮಾರ್ಚ್ 9
ಯೂನಿಫಾರ್ಮಿಗೆ ಗುಂಡಿ ತರುತ್ತೇನೆಂದು ಮಗಳಿಗೆ ಹೇಳಿ ಒಬ್ಬಳೇ ಹೋದೆ. ಡಾಕ್ಟರ್ ಬೈಯಲಿಲ್ಲ. ಅದೇ ಹೆಚ್ಚು ಹೆದರಿಸಿತು. ಮಚ್ಚೆಯಿಂದ ಚೂರು ಕತ್ತರಿಸಿ ಬಯಾಪ್ಸಿಗೆ ಕಳಿಸಿದರು. ಒಂದೇ ಹೊಲಿಗೆ, ಕಪ್ಪು ದಾರ. ತುದಿ ಉದ್ದ ಬಿಟ್ಟಿದ್ದಾರೆ. ನಮ್ಮ ಅಂಗಡಿಯಲ್ಲಿ ಹೀಗೆ ಬಿಟ್ಟರೆ ಗಿರಾಕಿ ಮುಖಕ್ಕೆ ಎಸೆದು ಹೋಗುತ್ತಾರೆ.

ಮಾರ್ಚ್ 13
ದಾರದ ತುದಿ ನಾಲಿಗೆಗೆ ಚುಚ್ಚುತ್ತಲೇ ಇತ್ತು. ಮೂವತ್ತು ವರ್ಷದ ಟೈಲರ್ ಕೈ, ಸುಮ್ಮನಿರಬೇಕಲ್ಲ... ಸಣ್ಣ ಕತ್ತರಿಯಲ್ಲಿ ಗಂಟಿನ ಬುಡಕ್ಕೇ ಟ್ರಿಮ್ ಮಾಡಿದೆ. ಗಂಟು ಜಾರಿತು. ಬಾಯ್ತುಂಬ ರಕ್ತ. ಮಗಳು ಮೆಷಿನ್ ಬಿಟ್ಟು ಓಡಿಬಂದಳು.

"ಬಾಯೊಳಗೆ ಹೊಲಿಗೆ ಯಾರಮ್ಮಾ ಹಾಕಿದ್ದು?"

ಎಲ್ಲ ಹೇಳಿದೆ. ಅವಳು ಶಟರ್ ಎಳೆದು ನನ್ನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದಳು.

"ಅಂಗಡಿ ಕತ್ತರಿ ಅಂಗಡೀಲೇ ಇರ್ಲಿ ಕಣಮ್ಮ," ಎನ್ನುತ್ತಾ ಡಾಕ್ಟರ್ ಮತ್ತೆ ಹೊಲಿದರು. ರಿಪೋರ್ಟ್ ಆಗಲೇ ಬಂದಿತ್ತು. "ಕ್ಯಾನ್ಸರ್ ಅಲ್ಲ. ಆದ್ರೆ ಜೀವಕೋಶಗಳು ಸ್ವಲ್ಪ ಬದಲಾಗಿವೆ. ಇನ್ಮೇಲೆ ಮೂರು ತಿಂಗಳಿಗೊಂದ್ಸಲ ಬರ್ಬೇಕು. ಮಧ್ಯೆ ಏನಾದ್ರೂ ಹೊಸದು ಕಂಡ್ರೆ ಅವತ್ತೇ."

ಮಗಳು ಕಿಟಕಿಯ ಕಡೆ ತಿರುಗಿ ಅತ್ತಳು.

ಮಾರ್ಚ್ 14
ಅಂಗಡಿಯ ಆರ್ಡರ್ ಬೋರ್ಡಿನಲ್ಲಿ ಕೋಟು, ಪ್ಯಾಂಟುಗಳ ಕೆಳಗೆ ಅವಳ ಅಕ್ಷರ: ಅಮ್ಮ — ಬಾಯಿ — ಜೂನ್ 13. ಸುಳ್ಳು ಹೇಳಿದ್ದಕ್ಕೆ ನನ್ನ ಮೇಲೆ ಇನ್ನೂ ಕೋಪ. ನಾಚಿಕೆಯಾಯಿತು. ಇವತ್ತಿನಿಂದ ದಾರ ಕಚ್ಚುವುದಿಲ್ಲ. ಕುತ್ತಿಗೆಗೆ ಕತ್ತರಿ ನೇತುಹಾಕಿಕೊಂಡಿದ್ದೇನೆ, ಹಸುವಿನ ಗಂಟೆಯ ಹಾಗೆ.

ಮೇ 2, ಬೆಳಿಗ್ಗೆ 8
ಹಲ್ಲುಜ್ಜುವಾಗ ಕಂಡಿತು. ಈ ಸಲ ಬಲಗೆನ್ನೆ. ಲೇಸಿನ ಅಂಚಿನಲ್ಲಿ ಗುಂಡುಸೂಜಿ ತಲೆಯಷ್ಟು ಕೆಂಪು. ನೋವಿಲ್ಲ. ಜೂನ್ 13ಕ್ಕೆ ಇನ್ನೂ ಆರು ವಾರ. ಅಲ್ಲಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅರ್ಧ ಗಂಟೆ ಹಾಗೇ ಕೂತಿದ್ದೆ.

ಕೆಳಗೆ ಅಂಗಡಿಯಲ್ಲಿ ಮಗಳು ಶಟರ್ ಎತ್ತಿದ ಸದ್ದು. ಕೂಗಿದೆ — "ಏಯ್, ಟಾರ್ಚ್ ತಗೊಂಡು ಮೇಲೆ ಬಾರೇ."

"ಯಾಕಮ್ಮಾ?"

ಮೆಟ್ಟಿಲು ಹತ್ತುತ್ತಿದ್ದಾಳೆ, ಓಡಿಕೊಂಡೇ. ಬಂದ ತಕ್ಷಣ ಮೊದಲು ಬಾಯಿ ತೆರೆದು ಬಲಗೆನ್ನೆ ತೋರಿಸಿಬಿಡುತ್ತೇನೆ, ಆಮೇಲೆ ಇವತ್ತೇ ಡಾಕ್ಟರ್ ಹತ್ತಿರ.