ಕಮ್ಮಿ ಕರೆಂಟಿನ ಕಂಪ್ಯೂಟರು

೧೪ ಅಕ್ಟೋಬರ್ ೧೯೯೪, ಶುಕ್ರವಾರ

ಕೋದಂಡಪ್ಪನ ಮುಖ ಕಣ್ಣಿಂದ ಹೋಗುತ್ತಿಲ್ಲ. ಹೋಗದಿದ್ದರೂ ಚಿಂತೆಯಿಲ್ಲ, ನೋಡಲು ಚೆನ್ನಾಗಿಯೇ ಇತ್ತು.

ಊರಿಗಾಂನ ನಮ್ಮ ಚಿನ್ನದ ಗಣಿ ಆಫೀಸಿನಲ್ಲಿ ನಕ್ಷೆ ಬರೆಯಲು ಇನ್ನು ಒಬ್ಬನೇ ಸಾಕೆಂದು ಸಾಹೇಬರು ನಮ್ಮಿಬ್ಬರಿಗೂ ಪಂದ್ಯ ಇಟ್ಟರು. ಗಣಿಯ ಒಂದೇ ನಕ್ಷೆ. ಕೋದಂಡಪ್ಪನಿಗೆ ಹಳೆಯ ಡೆಸ್ಕ್‌ಟಾಪ್, ನನಗೆ ಹೊಸ ವರ್ಕ್‌ಸ್ಟೇಷನ್. ನನ್ನ ಪ್ರೊಸೆಸರ್ ಇಡೀ ಸುರಂಗವನ್ನು ತಿರುಗಿಸಿ ತೋರಿಸುವಾಗ ಅವನದು ಇನ್ನೂ ಒಂದೊಂದೇ ಗೆರೆ ಎಳೆಯುತ್ತಿತ್ತು.

“ನಂದು ಕರೆಂಟು ಕಮ್ಮಿ ತಿನ್ತದೆ ಸಾರ್, ಬಿಸೀನೂ ಆಗಲ್ಲ,” ಎಂದ ಸಾಹೇಬರಿಗೆ.

“ಮೇಕೇನೂ ಕಮ್ಮಿ ತಿನ್ತದೆ ಕಣಣ್ಣಾ. ಅಂಗಂತ ಗಾಡಿಗೆ ಕಟ್ತೀಯಾ?” ಎಂದೆ. ಎಲ್ಲರೂ ನಕ್ಕರು.

“ನಿಂಗೆ ಮೌಸ್ ಇಡಿಯೋದು ಯೋಳ್ಕೊಟ್ಟೋನು ನಾನು ಕಣ್ಲಾ.”

“ಅದ್ಕೇ ನಿನ್ ಸ್ಪೀಡು ನಂಗೆ ಗೊತ್ತು.”

ಸೋಮವಾರದಿಂದ ಕೋದಂಡಪ್ಪ ಬರುವುದು ಬೇಡ ಎಂದರು ಸಾಹೇಬರು. ಅವನು ಕಂಪ್ಯೂಟರಿಗೆ ಬಟ್ಟೆ ಹೊದಿಸಿ, ಅಂಚು ಸರಿಮಾಡಿ ಎದ್ದ.

ಸಂಜೆ ಬಂಗಾರಪೇಟೆಯಲ್ಲಿ ಬದಲಿಸಿ ಹತ್ತುವ ಊರಿನ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮಾತ್ರ ಖಾಲಿ ಇತ್ತು. ಅವನು ಹತ್ತುವುದನ್ನು ಕಂಡು ಅಲ್ಲಿ ಬ್ಯಾಗು ಇಟ್ಟೆ. ನಮ್ಮೂರು ಬೂದಿಕೋಟೆಯವರೆಗೂ ಕಂಬಿ ಹಿಡಿದು ನಿಂತೇ ಬಂದ. ಇಳಿಯುವಾಗ, “ನಮ್ಮನೇಲಿ ಯೋಳ್ಬೇಡಪ್ಪಾ,” ಎಂದ.

ನಾಳೆ ಬೆಳಿಗ್ಗೆ ಹಾಲಿನ ಡೈರಿ ಹತ್ತಿರ ಅವನ ಹೆಂಡತಿ ಸಿಗುತ್ತಾಳೆ. ಯಾವ ಮಾತಿನಿಂದ ಶುರುಮಾಡಿದರೆ ಅವಳ ಮುಖವೂ ನೋಡಲು ಚೆನ್ನಾಗಿರುತ್ತದೋ...