ಬಲಕ್ಕೆಂದರೆ ಎಡಕ್ಕೆ

ಶುಕ್ರವಾರ, ಬೆಳಗಿನ ಹನ್ನೊಂದು ಗಂಟೆ
ಅಡುಗೆಮನೆಯ ಮೇಜಿನಿಂದ

ಹೇಳಿದ ಮಾತು ಎಂದೂ ಕೇಳದ ನನ್ನ ಚಿನ್ನಾರಿಗೆ,

ನಿನ್ನ ಫೋನು ಎರಡು ದಿನದಿಂದ ಬಾಯಿ ಮುಚ್ಚಿಕೊಂಡಿದೆ. ನಿನಗೆ ಸಂಬಂಧಪಟ್ಟ ಯಾವುದೂ ಇಷ್ಟು ಹೊತ್ತು ಬಾಯಿ ಮುಚ್ಚಿದ್ದನ್ನು ನೀನು ಹುಟ್ಟಿದಾಗಿನಿಂದ ನಾನು ಕಂಡಿಲ್ಲ. ಆದ್ದರಿಂದ ಈ ಕಾಗದ. ನೀನು ಅಡಗಿ ಕೂತಿರುವ ನಿನ್ನ ಗೆಳತಿಯ ಕೋಣೆಯ ಬಾಗಿಲ ಸಂದಿಯಲ್ಲಿ ನಾನೇ ತೂರಿಸಿ ಬರುತ್ತೇನೆ. ಬಾಗಿಲು ತಟ್ಟುವುದಿಲ್ಲ, ನಿನ್ನಾಣೆ.

ಬುಧವಾರ ಆಕಾಶದಲ್ಲಿ ಏನಾಯಿತೆಂದು ಹ್ಯಾಂಗರಿನವರ ಬಾಯಲ್ಲಿ ಕೇಳಿರುತ್ತೀಯ. ಅವರು ಇಲಿ ಹೋದರೆ ಹುಲಿ ಹೋಯಿತು ಅನ್ನುವ ಜನ. ಹಾರಿಸಿದವಳ ಬಾಯಲ್ಲೇ ಕೇಳು.

ಹ್ಯಾಂಗರಿನಲ್ಲಿ ನೀವು ರಿಪೇರಿ ಮಾಡಿಕೊಟ್ಟ ವಿಮಾನದ ಪರೀಕ್ಷಾ ಹಾರಾಟ. ಪ್ರಯಾಣಿಕರಿಲ್ಲ. ಒಳಗೆ ನಾನು ಮತ್ತು ನನ್ನ ಸಹ ಪೈಲಟ್ ನಿಧಾನಪ್ಪ. (ಅವರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತುಹೋಗಿದೆಯಂತೆ.) ನೆಲ ಬಿಟ್ಟೆವು. ವಿಮಾನ ತುಸು ಎಡಕ್ಕೆ ವಾಲಿತು. ಎಡಕ್ಕೆ ವಾಲಿದರೆ ಸ್ಟೇರಿಂಗ್ ಬಲಕ್ಕೆ ತಿರುಗಿಸಬೇಕು. ಇಪ್ಪತ್ತಾರು ವರ್ಷ ಅದನ್ನೇ ಮಾಡಿ ಅನ್ನ ತಿಂದಿದ್ದೇನೆ. ತಿರುಗಿಸಿದೆ. ಇನ್ನಷ್ಟು ಎಡಕ್ಕೆ ವಾಲಿತು. ಇನ್ನೂ ತಿರುಗಿಸಿದೆ. ಆಕಾಶ ಇರಬೇಕಾದ ಕಿಟಕಿಯ ತುಂಬ ಮನೆಗಳ ಚಾವಣಿ.

"ಮೇಡಂ," ಅಂದರು ನಿಧಾನಪ್ಪ, ಕಾಫಿಗೆ ಸಕ್ಕರೆ ಕಡಿಮೆ ಅನ್ನುವ ದನಿಯಲ್ಲಿ, "ಇದು ನಾವು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡ್ತಿದೆ ಅನ್ಸುತ್ತೆ."

ಆಗ ನನಗೆ ಭಯವಾಗಲಿಲ್ಲ. ಎಲ್ಲೋ ನೋಡಿದ ಮುಖ ಅನ್ನಿಸಿತು. ಬಲಕ್ಕೆಂದರೆ ಎಡಕ್ಕೆ ಹೋಗುವ, ಗದರಿಸಿದಷ್ಟೂ ಹೆಚ್ಚು ವಾಲುವ ಒಂದು ಪ್ರಾಣಿಯನ್ನು ನಾನು ಇಪ್ಪತ್ತೆರಡು ವರ್ಷ ಸಾಕಿಲ್ಲವೇ? ಅದಕ್ಕೆ ಹಾಲು ಕುಡಿಸಬೇಕಾದರೆ "ಮುಟ್ಟಬೇಡ, ಅದು ಅಪ್ಪಂಗೆ" ಅನ್ನುತ್ತಿದ್ದೆ. ಗಟಗಟ ಖಾಲಿ ಮಾಡುತ್ತಿತ್ತು. ಅಲ್ಲೇ ಜ್ಞಾನೋದಯವಾಯಿತು. ಬಲಕ್ಕೆ ಹೋಗಬೇಕೇ? ಎಡಕ್ಕೆ ತಿರುಗಿಸು.

ಹೇಳುವುದು ಸುಲಭ. ತಲೆ ಒಪ್ಪಿದರೂ ಕೈ ಒಪ್ಪುವುದಿಲ್ಲ. ಗಾಳಿ ಒಂದಿಷ್ಟು ತಳ್ಳಿದರೆ ಸಾಕು, ಕೈ ಹಳೆಯ ಅಭ್ಯಾಸಕ್ಕೆ ಓಡುತ್ತದೆ. ಎರಡು ಸಲ ತಪ್ಪಿದೆ. ಎರಡನೆಯ ಸಲ ನಿಧಾನಪ್ಪ ಜೀವಮಾನದಲ್ಲೇ ಮೊದಲ ಬಾರಿ ಅವಸರಪಟ್ಟರು: "ಕೈ ಬಿಡಿ! ಕೈ ಬಿಡಿ ಅಂದ್ರೆ!" ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಸಾಧ್ಯವಾದಷ್ಟೂ ಕಾಲಿನ ಪೆಡಲ್ ಒತ್ತಿ, ಬಾಲದ ಚುಕ್ಕಾಣಿಯಾದ ರಡ್ಡರಿನಿಂದಲೇ ತಿರುಗುವುದು. ಸ್ಟೇರಿಂಗ್ ಮುಟ್ಟಲೇಬೇಕಾದರೆ ನಾನು ಮೊದಲು ಬಾಯಲ್ಲಿ ಹೇಳಬೇಕು, ಅವರು ಹೂಂ ಅಂದಮೇಲೆ ಎರಡೇ ಬೆರಳಲ್ಲಿ ಅಲ್ಲಾಡಿಸಬೇಕು.

"ಬಲಕ್ಕೆ ಬೇಕು, ಎಡಕ್ಕೆ ತಿರುಗಿಸ್ತೀನಿ."

"ಹೂಂ."

ಐವತ್ತು ನಿಮಿಷ ಇದೇ ಸಂಸಾರ. ಮೊದಲ ಸಲ ರನ್‌ವೇಗೆ ಓರೆಯಾಗಿ ಬಂದೆವು. ಇಳಿಯದೆ ಮೇಲೇರಿ ಮತ್ತೆ ಸುತ್ತು ಹಾಕಿದೆವು. ಎರಡನೆಯ ಸಲ ಇಳಿಸಿಯೇ ಬಿಟ್ಟೆ. ಒಂದು ಟೈರು ಸಿಡಿಯಿತು, ಅಷ್ಟೆ.

ಇನ್ನು ನಿನ್ನ ವಿಷಯ. ಸ್ಟೇರಿಂಗಿನಿಂದ ರೆಕ್ಕೆಗೆ ಹೋಗುವ ಆ ಎರಡು ಉಕ್ಕಿನ ಕೇಬಲ್ಲುಗಳು ನೋಡಲು ಅವಳಿಜವಳಿ. ಬಿಚ್ಚುವಾಗ ಗುರುತಿಗೆ ನೀನು ಚೀಟಿ ಕಟ್ಟಿದೆ, ಭೇಷ್. ಗ್ರೀಸು ಮೆತ್ತಿತೆಂದು ಎರಡು ಚೀಟಿಯನ್ನೂ ಬಿಚ್ಚಿ, ಒರೆಸಿ, ಮತ್ತೆ ಕಟ್ಟಿದೆ. ಕಟ್ಟಿದ್ದು ಅದಲುಬದಲು, ಚೀಟಿ ನೋಡಿ ಜೋಡಿಸಿದ ಕೇಬಲ್ಲೂ ಅದಲುಬದಲು. ಹುಟ್ಟಿದಾಗಿನಿಂದ ಸ್ವಂತ ಕೋಣೆಯ ಕಸ ಗುಡಿಸದ ಮಹಾತಾಯಿಗೆ ಶುಚಿತ್ವದ ಹುಚ್ಚು ಅಲ್ಲೇ ಹತ್ತಬೇಕಿತ್ತೇ? ಬುಧವಾರ ಸಂಜೆ ನೀನು ಅಳುತ್ತಾ ಇಷ್ಟು ಹೇಳಿದೆ, ರಾಜೀನಾಮೆ ಬರೆದೆ ಅಂದೆ, ಫೋನು ಇಟ್ಟೆ. ಚೀಟಿಯ ಕಥೆ ನಮ್ಮಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

ಸೋಮವಾರ ಹತ್ತಕ್ಕೆ ವಿಚಾರಣೆ. ನಿನ್ನ ಕೆಲಸ ನೋಡದೆಯೇ ಸಹಿ ಹಾಕಿದ ಮೇಲ್ವಿಚಾರಕರು "ಹೊಸ ಹುಡುಗಿ, ಏನೋ ಅಜಾಗ್ರತೆ" ಎಂದು ಕಡತ ಕಟ್ಟಲು ದಾರ ಹಿಡಿದು ಕೂತಿದ್ದಾರೆ. ಹ್ಯಾಂಗರಿನಲ್ಲಿ ಅಂಥವೇ ಇನ್ನೆರಡು ವಿಮಾನಗಳ ನೆಲಹಲಗೆ ಎಬ್ಬಿಸಿಟ್ಟಿದೆ, ಅವೇ ಅವಳಿ ಕೇಬಲ್ಲು, ಅವೇ ಗ್ರೀಸು ಮೆತ್ತುವ ಚೀಟಿ. ಮುಂದಿನ ವಾರ ಅವುಗಳಲ್ಲಿ ಜನ ಮಕ್ಕಳನ್ನು ಕಟ್ಟಿಕೊಂಡು ಕೂರುತ್ತಾರೆ. ಚೀಟಿ ನಂಬಿ ಕೇಬಲ್ ಕಟ್ಟಬಾರದೆಂದು ಅಲ್ಲಿ ನಿಂತು ಹೇಳಬಲ್ಲವಳು ಒಬ್ಬಳೇ.

ಆದ್ದರಿಂದ ಕ್ಯಾಪ್ಟನ್‌ನ ಖಡಾಖಂಡಿತ ಆಜ್ಞೆ: ನೀನು ಬರಬೇಡ. ಹೊದ್ದು ಮಲಗು. ಸತ್ಯಗಿತ್ಯ ಅಂತ ಬಾಯಿ ನೋಯಿಸಿಕೊಳ್ಳಬೇಡ. ಸ್ಪ್ಯಾನರುಗಳನ್ನು ಯಾರಿಗಾದರೂ ಕೊಟ್ಟುಬಿಡು.

ಇಂತಿ,
ಸದ್ಯಕ್ಕೆ ನೆಲದ ಮೇಲಿರುವ
ನಿನ್ನ ಅಮ್ಮ

ತಾ.ಕ.: ಅಮ್ಮನ ಹಳೆಯ ವಿದ್ಯೆ ಅಂತ ನಗುತ್ತಿದ್ದೀಯಾ? ನಗು. ಆದರೆ ಒಂದು ಮಾತು ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವ ಮುಂಚೆ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ, ಎಡರೆಕ್ಕೆಯ ಅಂಚಿನ ಪಟ್ಟಿ ಮೇಲಕ್ಕೇ ಏಳುತ್ತದೆಯೇ ಎಂದು ಕಿಟಕಿಯಿಂದ ಕಣ್ಣಾರೆ ನೋಡುವುದು ಕ್ಯಾಪ್ಟನ್ ಕೆಲಸ. ತಿರುಗಿಸಿದೆ. ರೆಕ್ಕೆಯ ಬಳಿ ನೀನು, ಎರಡು ಅಳತೆ ದೊಡ್ಡದಾದ ಮೇಲಂಗಿಯಲ್ಲಿ, ಪಟ್ಟಿ ಅಲ್ಲಾಡಿತೆಂದು ಹೆಬ್ಬೆರಳೆತ್ತಿ ನಿಂತಿದ್ದೆ. ನಿನ್ನ ಕೈಯಿಂದ ನನ್ನ ಕೈಗೆ ಬಂದ ಮೊದಲ ವಿಮಾನ. ನಾನು ಪಟ್ಟಿ ನೋಡಲಿಲ್ಲ ಮಗಳೇ, ನಿನ್ನ ಮುಖ ನೋಡಿದೆ. ನನ್ನ ಈ ತಪ್ಪನ್ನು ನಿನ್ನೆ ವಿಚಾರಣೆಯವರಿಗೆ ಹೇಳಿಕೆಯಲ್ಲಿ ಬರೆದುಕೊಟ್ಟಾಯಿತು. ಲೈಸೆನ್ಸು ಹೋದರೆ ಹೋಗಲಿ. ಭಯವಾಗಲಿಲ್ಲ ಅಂದದ್ದೂ ಸುಳ್ಳು. ಇಳಿದ ಮೇಲೆ ನನಗೆ ಬೆಲ್ಟು ಬಿಚ್ಚಲು ಬರಲಿಲ್ಲ, ನಿಧಾನಪ್ಪ ಬಿಚ್ಚಿಕೊಟ್ಟರು. ಸೋಮವಾರ ಒಂಬತ್ತೂವರೆಗೆ ಗೇಟಿನ ಹತ್ತಿರ ನಿಂತಿರುತ್ತೇನೆ. ಈ ಸಲ ಉಲ್ಟಾ ಹೇಳುತ್ತಿಲ್ಲ. ಬಾ.